ಘಾಟು

ಬ್ಯಾಡಗಿಯಾಗ ಸೀನಿಗೆ ಲೆಕ್ಕ ಇರಲಿಲ್ಲ.
ಒಂಟಿ ಸೀನಿಗೆ ಕೆಲಸ ನಿಂದ್ರಸೋದಾದ್ರ
ನಮ್ಮೂರಾಗ ಒಂದು ಲಗ್ನ ಆಗ್ತಿರಲಿಲ್ಲ,
ಒಂದು ಚೀಲ ತೂಕ ಆಗ್ತಿರಲಿಲ್ಲ.
ಟೇಶನ್ನಿನಾಗ ಇಳಿದಾವ್ರು ಮೂಗು ಮುಚ್ಚಿಕೊಂಡ್ರ
ಇವರು ಬೀಗರು ಅಂತ ತಿಳೀತಿತ್ತು, ಅಷ್ಟಽ.

ಹಜರಾಬಿ ನನ್ನ ಬಾಜೂಕ ಕೂಡತಿದ್ಲು,
ಇಪ್ಪತ್ತೆರಡು ವರ್ಷ, ಅದಽ ಗೋಣಿತಟ್ಟು.
ನಾ ಸೀನಿದ್ರ ಅಕಿ ‘ನೂರು ವರ್ಷ’ ಅನ್ನಾಕಿ,
ಅಕಿ ಸೀನಿದ್ರ ನಾನು.
ಸಂಜೀಕ, ತುಂಬು ಬಿಡಿಸಿದ ಕಾಯಿ ತಕ್ಕಡಿಗೆ ಹಾಕೂ ಹೊತ್ತಿಗೆ
ಒಬ್ಬರಿಗೊಬ್ಬರು ಐದಾರು ಸಾವಿರ ವರ್ಷ ಕೊಟ್ಟಿರತಿದ್ವಿ.
ಕೂಲಿ ಮಾತ್ರ ಚಿಲ್ಲರಿ.

ಆ ವರ್ಷ ಯುಗಾದಿ ಮುಂದ ಪ್ಯಾಟಿ ಬಂದ್ ಆತು.
ರೇಶನ್ ಅಂಗಡಿ ಪಾಳೇದಾಗ ನಾ ಒಂದು ಸೀನು ಸೀನಿದೆ.
ಮುಂದಿನಾವ್ರು ಮುಂದ ಸರದ್ರು, ಹಿಂದಿನಾವ್ರು ಹಿಂದ.
ಸುಣ್ಣದ ಗೆರಿಯೊಳಗ ನಾ ಒಬ್ಬಾಕಿ, ಕೈಯಾಗ ಚೀಲ.
‘ಮೆಣಸಿನಕಾಯಿ ಸೀನೋ ಯಪ್ಪಾ’ ಅಂದೆ.
ಯಾರೂ ನಗಲಿಲ್ಲ.

ಪುರಸಭೆಯಾವ್ರು ಬಂದು, ಮೂಗು ಬಾಯಿ ಕಟ್ಟಿಕೊಳ್ಳೋದು ಹೆಂಗ ಅಂತ
ಮೈಕಿನಾಗ ಕಲಿಸಿದ್ರು.
ಹಜರಾಬಿ ಕಟ್ಟೀ ಮ್ಯಾಲೆ ಕುಂತು ನಕ್ಕದ್ದಽ ನಕ್ಕದ್ದು:
‘ಇಷ್ಟು ವರ್ಷ ಹಳೇ ಸೀರಿ ಹರಕೊಂಡು ಕಟ್ಟಿಕೊಂಡ್ವಿ,
ಒಬ್ಬ ಸಾಹೇಬ ಒಂದು ಗೇಣು ಅರಿವಿ ಕೊಡಲಿಲ್ಲ.
ಈಗ ನೋಡವಾ, ತಮ್ಮ ಮೂಗಿಗೆ ಬಂದ ಮ್ಯಾಲೆ!’
ಅದನ್ನ ನಾ ಮರತಿಲ್ಲ.
ಮರೀಬಾರದು ಅಂತನಽ ಇಟ್ಟೀನಿ.

ಮರುವರ್ಷ, ಬ್ಯಾಸಿಗಿ.
ಮೂರು ದಿನ ಮೈ ಕಾದು ಆರಿತು. ದೃಷ್ಟಿ ಆಗೇತಿ ಅಂತ
ಅತ್ತಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲಿಗೆ ಒಗದ್ಲು.
ಘಾಟು ಬರಲಿಲ್ಲ.
‘ನೋಡಿದೇನು, ಭಾಳ ಕೆಟ್ಟ ಕಣ್ಣು’ ಅಂತ ನಾ ಅನ್ನೂದಕ್ಕ
ಅತ್ತಿ ಕೆಮ್ಮಿ ಕೆಮ್ಮಿ ಗ್ವಾಡಿ ಹಿಡದಿದ್ಲು,
ಮಗಳು ಕಣ್ಣು ತಿಕ್ಕೊಂತ ಹೊರಗ ಓಡಿದ್ಲು.
ಘಾಟು ಮನಿ ತುಂಬ ಇತ್ತು.
ನಾನಽ ಇರಲಿಲ್ಲ.

ಆಮ್ಯಾಲೆ ಕಲ್ತದ್ದು ಸಣ್ಣ ಸಣ್ಣದು.
ಹಾಲು ಕೆಟ್ಟದ್ದನ್ನ ಕಣ್ಣಿಲೆ ನೋಡಬೇಕು,
ಒಗ್ಗರಣಿ ಹೊತ್ತದ್ದನ್ನ ಕಿವಿಲೆ ಕೇಳಬೇಕು.
ಅನ್ನಕ್ಕ ರುಚಿ ಕೊಡತಿದ್ದದ್ದು ನಾಲಿಗಿ ಅಲ್ಲ.
ಮತ್ತ, ಜಡ್ಡಾಗೇತಿ ಅಂತ ಬಾಯಿಬಿಟ್ಟು ಹೇಳಬೇಕು.
ನಾ ಹೇಳಲಿಲ್ಲ.
ಬಾಗಿಲಿಗೆ ತಗಡು ಬಡೀತಾರಂತ ಅಂಜಿ ಸುಮ್ನಿದ್ದೆ,
ಹಜರಾಬಿ ನುಚ್ಚು ತಂದಾಗ ಕದಾ ತಗದೆ.

ನನ್ನಿಂದ ಹೋತೋ,
ಅಕಿ ಮಗ ಹುಬ್ಬಳ್ಳಿಯಿಂದ ತಂದನೋ,
ಪ್ಯಾಟಿ ಗಾಳಿಯಾಗ ಮದಲಽ ಇತ್ತೋ,
ಆ ಲೆಕ್ಕ ಇನ್ನೂ ಯಾವ ತಕ್ಕಡಿಗೂ ಬಂದಿಲ್ಲ.
ಹಾವೇರಿ ದವಾಖಾನಿಗೆ ಒಯ್ದಾವ್ರು
ನಾಕನೇ ದಿನ ಫೋನ್ ಮಾಡಿದ್ರು.
ಮಣ್ಣಿಗೆ ಮೂರು ಮಂದಿ. ನಾ ಅಲ್ಲ.

ಅಕಿ ಮುಖಕ್ಕ ಕಟ್ಟಿಕೊಳ್ಳೋ ಅರಿವಿ, ಹಸರು ಚೌಕಡಿದು,
ನನ್ನ ಗೋಣಿತಟ್ಟಿನ ಸುರಳಿಯಾಗ ಉಳಿದಿತ್ತು.
ತೊಳೀಲಿಲ್ಲ. ಪ್ಲಾಸ್ಟಿಕ್ ಚೀಲದಾಗ ಗಂಟು ಹಾಕಿ ಟ್ರಂಕಿನಾಗ ಇಟ್ಟೆ,
ಮೂಗು ತಿರುಗಿ ಬಂದಾಗ ತಗದರಾತು ಅಂತ.
ಕೊಬ್ರಿ ಎಣ್ಣಿ, ಎಲಿ ಅಡಕಿ, ಅಕಿ ಬೆವರು,
ಎಲ್ಲಾ ಅದರಾಗ ಇರಬೇಕು, ನನ್ನ ಹಾದಿ ಕಾಯ್ಕೊಂತ.

ಮೂಗು ಬಂತು, ದೀಪಾವಳಿ ಆಗಿ ಎಷ್ಟೋ ದಿನಕ್ಕ.
ಮದಲ ಬಂದದ್ದು ಮಲ್ಲಿಗಿ ಅಲ್ಲ, ಗಟಾರದ ನಾತ.
ಗಟಾರದ ಮುಂದ ನಿಂತು ಅತ್ತೆ, ಮಂದಿ ನೋಡಿದ್ರು.
ಓಡಿ ಬಂದು ಟ್ರಂಕು ತಗದೆ, ಗಂಟು ಬಿಚ್ಚಿದೆ,
ಅರಿವಿಯೊಳಗ ಮುಖ ಇಟ್ಟೆ.

ಮೆಣಸಿನಕಾಯಿ.
ಬರೇ ಮೆಣಸಿನಕಾಯಿ. ನನ್ನ ಅರಿವಿ ಹೆಂಗೋ ಹಂಗಽ,
ಈ ಊರಿನ ಕೂಲಿ ಹೆಣ್ಣಮಕ್ಕಳ ಅರಿವಿ ಹೆಂಗೋ ಹಂಗಽ.
ಸೀನು ಬಂತು. ಒಂದಲ್ಲ, ಏಳು.
ಕುಂತು ಎಣಿಸಿದೆ.

ಈಗ ಬಾಜೂಕ ಕೂಡಾಕಿ ಮೋಟೆಬೆನ್ನೂರಿನ ಹುಡುಗಿ, ಹೊಸಾಕಿ.
ಇವತ್ತು ಸೀನಿದ್ಲು.
ಕಟ್ಟಿದ ಅರಿವಿಯೊಳಗಽ ಅಂದೆ ನಾನು.
‘ಏನಂದಿ ಯವ್ವಾ?’
ಏನಿಲ್ಲ. ಕೈ ಚಾಲೂ ಇರಲಿ,
ತೂಕದಾಂವ ಬರೂ ಹೊತ್ತಾತು.